ಮನೆಯ ಬ್ಯಾಟರಿ, ಊರಿನ ತಂತಿ



ಬಬ್ಬೂರಿನ ಕಡೆಯ ಒಂದು ತೋಟದ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮುಂಗಾರಿನ ಮೊದಲ ಬಿರುಗಾಳಿ ಬೀಸಿದೆ. ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕರೆಂಟು ಹೋಗಿದೆ. ಸುತ್ತ ಎಲ್ಲೆಲ್ಲೂ ಕತ್ತಲು. ಈ ಒಂದು ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಮಕ್ಕಳು ಓದುತ್ತಿದ್ದಾರೆ. ಮನೆಯಲ್ಲಿ ಬ್ಯಾಟರಿ ಇದೆ, ಇನ್ವರ್ಟರು ಇದೆ. ಯಜಮಾನರಿಗೆ ನೆಮ್ಮದಿ.

ಅದೇ ಹೊತ್ತಿಗೆ ಒಂದು ಕೂಗಳತೆ ದೂರದಲ್ಲಿ ಲೈನ್‌ಮನ್ ಕಂಬ ಹತ್ತುತ್ತಿದ್ದಾರೆ. ಸ್ಟೇಷನ್ನಿಗೆ ಫೋನು ಮಾಡಿ ಫೀಡರು ಬಂದ್ ಮಾಡಿಸಿದ್ದಾರೆ. ತಂತಿಯಲ್ಲಿ ಕರೆಂಟಿಲ್ಲವೆಂದು ನಂಬಿದ್ದಾರೆ. ಹಾಗಾದರೆ ಈ ಮನೆಯಲ್ಲಿ ದೀಪ ಉರಿಸುತ್ತಿರುವ ಕರೆಂಟು ಮನೆಯ ಗೋಡೆಯೊಳಗೇ ನಿಂತಿದೆಯೋ, ಇಲ್ಲವೇ ಸರ್ವಿಸ್ ವೈರಿನ ಮೇಲೆ ಹಿಂದಕ್ಕೆ ನಡೆದು ಕಂಬದವರೆಗೂ ಹೋಗಿದೆಯೋ? ಒಬ್ಬ ಮನುಷ್ಯನ ಜೀವ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆದ್ದರಿಂದ ಇವೊತ್ತು ನಿಮ್ಮೊಡನೆ ಇದನ್ನೇ ಮಾತನಾಡಬೇಕೆಂದಿದ್ದೇನೆ.

ಮೊದಲು ಮನೆಗೆ ಕರೆಂಟು ಬರುವ ದಾರಿ ಒಂದೇ ಆಗಿತ್ತು. ಕಂಬದಿಂದ ಮೀಟರು, ಮೀಟರಿನಿಂದ ಮೇನ್ ಸ್ವಿಚ್ಚು, ಅಲ್ಲಿಂದ ಬಲ್ಬು. ಕಾಲುವೆಯ ನೀರು ತೂಬಿನಿಂದ ಗದ್ದೆಗೆ ಹರಿಯುವಂತೆ ಅದು ಯಾವಾಗಲೂ ಒಂದೇ ಕಡೆಗೆ ಹರಿಯುತ್ತಿತ್ತು. ತೂಬು ಮುಚ್ಚಿದರೆ ಕಾಲುವೆ ಒಣಗುತ್ತಿತ್ತು. ಈಗ ಹಾಗಿಲ್ಲ. ಗದ್ದೆಯಲ್ಲೇ ಒಂದು ಕೊಳವೆ ಬಾವಿ ತೋಡಿದಂತೆ ಮನೆಯೊಳಗೇ ಇನ್ನೊಂದು ಮೂಲ ಬಂದು ಕೂತಿದೆ. ಮೇಲಿನ ತೂಬು ಮುಚ್ಚಿದರೂ ಇದು ಹರಿಯುತ್ತಲೇ ಇರುತ್ತದೆ. ಎಲ್ಲಿಗೆ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ಬದು ಹಾಕಲೇಬೇಕು. ಆ ಬದುವೇ ಸರ್ಕಾರದ ನಿಯಮ.

ನಮ್ಮ ಮನೆಗಳಲ್ಲಿ ಮೂರು ಬಗೆಯ ಯಂತ್ರಗಳಿವೆ. ನೋಡಲು ಎಲ್ಲವೂ ಒಂದೇ ಬಗೆಯ ಪೆಟ್ಟಿಗೆ. ನಡತೆ ಮಾತ್ರ ಬೇರೆ ಬೇರೆ.

ಒಂದನೆಯದು ನಾವು ಯು.ಪಿ.ಎಸ್. ಎಂದು ಕರೆಯುವ ಹಳೆಯ ಪೆಟ್ಟಿಗೆ. ಕರೆಂಟು ಇದ್ದಾಗ ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಹೋದಾಗ ಮನೆಗೆ ಕೊಡುತ್ತದೆ. ಸರಿಯಾಗಿ ಜೋಡಿಸಿದ್ದರೆ ಕಂಬದ ಕಡೆಗೆ ಏನನ್ನೂ ಕಳಿಸುವುದಿಲ್ಲ.

ಎರಡನೆಯದು ಸೂರ್ಯನ ಫಲಕಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಇನ್ವರ್ಟರು. ಇದು ಊರಿನ ತಂತಿಯ ಕೈ ಹಿಡಿದೇ ನಡೆಯುವಂಥದ್ದು. ಮನೆಗೆ ಬೇಕಾದಷ್ಟು ಕೊಟ್ಟು, ಮಿಕ್ಕಿದ್ದನ್ನು ತಂತಿಗೆ ಬಿಡುತ್ತದೆ. ತಂತಿ ಸತ್ತ ಕೂಡಲೇ ಇದೂ ನಿಲ್ಲುತ್ತದೆ.

ಮೂರನೆಯದು ಈಚೆಗೆ ಬಂದ ಹೈಬ್ರಿಡ್ ಇನ್ವರ್ಟರು. ಫಲಕ, ಬ್ಯಾಟರಿ, ಊರಿನ ತಂತಿ, ಮೂರನ್ನೂ ಒಟ್ಟಿಗೆ ನಿಭಾಯಿಸುತ್ತದೆ. ಕರೆಂಟು ಇದ್ದಾಗ ತಂತಿಯ ಜೊತೆ ನಡೆಯುತ್ತದೆ. ಹೋದಾಗ ತಂತಿಯಿಂದ ತನ್ನನ್ನು ಕಡಿದುಕೊಂಡು, ಮನೆಯ ಕೆಲವು ದೀಪಗಳನ್ನು ಮಾತ್ರ ಬ್ಯಾಟರಿಯಿಂದ ಉರಿಸುತ್ತದೆ. ಈ ಕಡಿದುಕೊಳ್ಳುವ ಕೆಲಸ ಸರಿಯಾಗಿ ಆಗದಿದ್ದರೆ ಅಪಾಯ.

ನೀವು ಕೇಳಬಹುದು: “ನನ್ನ ಮನೇದು ಸಣ್ಣ ಇನ್ವರ್ಟರು ಸ್ವಾಮಿ. ನಾಕು ಬಲ್ಬು, ಎರಡು ಫ್ಯಾನು ನಡೆಸೋಕೆ ಒದ್ದಾಡ್ತೈತೆ. ಅದರಿಂದ ಕಂಬದ ಮೇಲಿರೋರಿಗೆ ಏನಾಗ್ತೈತೆ?”

ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿಮ್ಮ ಊರಿನ ಟಿ.ಸಿ.ಯಲ್ಲಿದೆ. ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟಿನ ಲೆಕ್ಕದಲ್ಲಿ ಕೊಡುತ್ತದೆ. ಆದರೆ ಅದು ಬಾಗಿಲಿನಂತೆ, ಎರಡೂ ಕಡೆಗೆ ತೆರೆಯುತ್ತದೆ. ಕೆಳಗಿನಿಂದ 230 ವೋಲ್ಟು ಒತ್ತಿದರೆ ಮೇಲಿನ ತಂತಿಯಲ್ಲಿ ಹತ್ತು ಸಾವಿರ ವೋಲ್ಟಿನ ಹತ್ತಿರ ಏಳಬಲ್ಲದು. ನೆರೆಯ ಮನೆಗಳ ಹೊರೆಯೆಲ್ಲ ಮೇಲೆ ಬಿದ್ದರೆ ಸಣ್ಣ ಇನ್ವರ್ಟರು ಕುಸಿದು ನಿಲ್ಲುವುದೂ ಉಂಟು. ಅದೇ ಒಂದು ಸಮಾಧಾನವೆಂದು ನಂಬಿ ಕೂರುವ ಹಾಗಿಲ್ಲ. ತಂತಿ ತುಂಡಾಗಿ ನಿಮ್ಮ ಮನೆಯೊಂದೇ ಆ ತುಂಡಿಗೆ ಉಳಿದಿರಬಹುದು. ಟಿ.ಸಿ.ಯ ಫ್ಯೂಸು ತೆಗೆದು ನಿಮ್ಮ ಸಾಲಿನಲ್ಲೇ ಕೆಲಸ ನಡೆದಿರಬಹುದು. ಆಗ ಹೊರೆ ಇರುವುದಿಲ್ಲ, ಇನ್ವರ್ಟರು ನಿಲ್ಲುವುದಿಲ್ಲ. ಮೇಲಿನ ಹತ್ತು ಸಾವಿರದ ಮಾತು ಹಾಗಿರಲಿ, ಕೆಳಗಿನ 230 ವೋಲ್ಟೇ ಮನುಷ್ಯನನ್ನು ಕೊಲ್ಲಲು ಸಾಕು. ಕೆಳಗೆ ಬಿದ್ದ ತಂತಿಯನ್ನು ಬೆಳಗಾಗುವ ಮುಂಚೆ ತುಳಿಯುವ ದನಕರುಗಳಿಗೂ ಅಷ್ಟೆ.

ಕೆಲಸ ಮಾಡುವ ಮುಂಚೆ ತಂತಿಯನ್ನು ಪರೀಕ್ಷಿಸಿ, ಅರ್ಥಿಂಗ್ ಮಾಡಿಯೇ ಕೈ ಹಾಕಬೇಕೆಂದು ಲೈನ್‌ಮನ್‌ಗಳಿಗೆ ನಿಯಮವಿದೆ. ಅದು ಅವರ ಕಡೆಯ ಬದು. ನಮ್ಮ ಕಡೆಯ ಬದು ನಾವು ಹಾಕಬೇಕು. ಪಕ್ಕದವನ ಹೊಲಕ್ಕೆ ಬೇಲಿ ಇದೆಯೆಂದು ನಮ್ಮ ಎತ್ತನ್ನು ಬಿಚ್ಚಿ ಬಿಡುತ್ತೇವೆಯೇ?

ಇನ್ನು ನಿಯಮ ಏನು ಹೇಳುತ್ತದೆಂದು ನೋಡೋಣ. ಊರಿನ ತಂತಿಗೆ ಜೊತೆಯಾಗಿ ಕರೆಂಟು ಕೊಡುವ ಸಣ್ಣ ಮೂಲಗಳು ಹೇಗೆ ನಡೆದುಕೊಳ್ಳಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರವು 2013ರಲ್ಲಿ ನಿಯಮಗಳನ್ನು ಹೊರಡಿಸಿತು. 2019ರಲ್ಲಿ ಅವಕ್ಕೆ ತಿದ್ದುಪಡಿಯೂ ಆಯಿತು. 2013ರಲ್ಲಿ ಬರೆದಿಟ್ಟ ಮುಖ್ಯ ಅಳತೆಗಳು ಹೀಗಿವೆ.

ತಂತಿಯ ವೋಲ್ಟೇಜು ನೂರಕ್ಕೆ 80ಕ್ಕಿಂತ ಕೆಳಗೆ ಇಳಿದರೆ, ಅಥವಾ ನೂರಕ್ಕೆ 110ಕ್ಕಿಂತ ಮೇಲೆ ಏರಿದರೆ, ಎರಡು ಸೆಕೆಂಡಿನೊಳಗೆ ಇನ್ವರ್ಟರು ತಂತಿಯನ್ನು ಬಿಡಬೇಕು. 230 ವೋಲ್ಟಿನ ಲೆಕ್ಕದಲ್ಲಿ 184ರ ಕೆಳಗೆ, 253ರ ಮೇಲೆ ಎಂದಾಯಿತು. ಕರೆಂಟಿನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತದೆ ಎಂಬ ಲೆಕ್ಕ, ನಮ್ಮಲ್ಲಿ 50. ಅದು 50.5ಕ್ಕೆ ಏರಿದರೆ, ಇಲ್ಲವೆ 47.5ಕ್ಕಿಂತ ಇಳಿದರೆ, ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಬಿಡಬೇಕು. ತಂತಿಯಲ್ಲಿ ಕರೆಂಟೇ ಹೋದರೆ ಎರಡು ಸೆಕೆಂಡಿನೊಳಗೆ ಕೊಡುವುದನ್ನು ನಿಲ್ಲಿಸಬೇಕು. ಕರೆಂಟು ಮತ್ತೆ ಬಂದರೆ ಕೂಡಲೇ ಸೇರಬಾರದು. ಕನಿಷ್ಠ 60 ಸೆಕೆಂಡು ಎಲ್ಲವೂ ಸ್ಥಿರವಾಗಿದೆಯೇ ಎಂದು ನೋಡಿ ಆಮೇಲೆ ಸೇರಬೇಕು. ಇದಕ್ಕಿಂತ ಬಿಗಿಯಾದ ವೋಲ್ಟೇಜಿನ ಅಳತೆಯನ್ನು ವಿದ್ಯುತ್ ಕಂಪನಿ ಹೇಳಬಹುದು. ಇಷ್ಟರ ಮೇಲೆ, ಕಣ್ಣಿಗೆ ಕಾಣುವಂತೆ ಕಡಿಯುವ, ಬೀಗ ಹಾಕಬಹುದಾದ, ಕೈಯಿಂದ ತಿರುಗಿಸುವ ಒಂದು ಸ್ವಿಚ್ಚು ಇರಬೇಕು. ಅದು ಹಗಲಿರುಳೆನ್ನದೆ ಕಂಪನಿಯ ಕೆಲಸಗಾರರ ಕೈಗೆ ಸಿಗಬೇಕು.

ತಂತಿಯಲ್ಲಿ ಕರೆಂಟು ಹೋಗಿದೆಯೆಂದು ಇನ್ವರ್ಟರಿಗೆ ತಿಳಿಯುವುದು ಹೇಗೆ? ನೀವು ಎತ್ತು ಕಟ್ಟುವ ಮುಂಚೆ ಗೂಟವನ್ನು ಅಲ್ಲಾಡಿಸಿ ನೋಡುತ್ತೀರಲ್ಲವೇ? ಗಟ್ಟಿಯಾಗಿ ನೆಟ್ಟ ಗೂಟ ಅಲ್ಲಾಡುವುದಿಲ್ಲ, ಸಡಿಲವಾದದ್ದು ಕೈಗೇ ಬರುತ್ತದೆ. ಒಳ್ಳೆಯ ಇನ್ವರ್ಟರು ಹಾಗೆಯೇ ತಂತಿಯ ಆವರ್ತನವನ್ನು ಆಗಾಗ್ಗೆ ಒಂದಿಷ್ಟು ತಳ್ಳಿ ನೋಡುತ್ತದೆ. ಊರಿನ ಗ್ರಿಡ್ಡು ಇದ್ದರೆ ಅದು ಅಲ್ಲಾಡುವುದಿಲ್ಲ. ಗ್ರಿಡ್ಡು ಇಲ್ಲದಿದ್ದರೆ ಆವರ್ತನ ತಟ್ಟನೆ ಸರಿದುಹೋಗುತ್ತದೆ. ಗೂಟ ಸಡಿಲವೆಂದು ತಿಳಿದು ಯಂತ್ರ ನಿಲ್ಲುತ್ತದೆ. ಈ ಗುಣವನ್ನು ಪರೀಕ್ಷಿಸುವ ವಿಧಾನಕ್ಕೆ ಭಾರತೀಯ ಮಾನಕದಲ್ಲಿ ಐ.ಎಸ್. 16169 ಎಂಬ ಸಂಖ್ಯೆ ಇದೆ. ಇನ್ವರ್ಟರಿನ ಸುರಕ್ಷತೆಗೆ ಇರುವುದು ಐ.ಎಸ್. 16221, ಎರಡನೆಯ ಭಾಗ. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಈಗ ರೈತರಿಂದ ಕೇಳಿಬರುವ ದೂರುಗಳಿಗೆ ಬರೋಣ.

ಮೊದಲನೆಯ ದೂರು: “ನೆತ್ತಿ ಸುಡೋ ಬಿಸಿಲೈತೆ. ಮನೆ ಮೇಲೆ ಫಲಕ ಐತೆ. ಆದ್ರೂ ಕರೆಂಟು ಹೋದ ಕೂಡ್ಲೆ ಇದೂ ನಿಂತು ಹೋಗ್ತೈತಲ್ಲ! ಅಂಗಡಿಯವರು ಮೋಸ ಮಾಡಿದ್ರಾ?”

ಮೋಸವಲ್ಲ. ಬ್ಯಾಟರಿ ಇಲ್ಲದ ಇನ್ವರ್ಟರು ಹಾಗೆ ನಿಲ್ಲಲೇಬೇಕು. ನಿಲ್ಲದಿದ್ದರೆ ಅದೇ ಮೋಸ. ನಮ್ಮ ಮಾರಿಕಣಿವೆಯನ್ನೇ ನೋಡಿ. 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಅಷ್ಟು ವರ್ಷ ನೀರು ಹರಿಯದ ಕೋಡಿಯನ್ನು ಕಂಡು, ಇದು ದಂಡದ ಜಾಗ, ಮುಚ್ಚಿಬಿಡೋಣ ಎಂದು ಯಾರಾದರೂ ಕಲ್ಲು ಕಟ್ಟಿದ್ದರೆ 2022ರ ಗತಿ ಏನಾಗುತ್ತಿತ್ತು? ಇನ್ವರ್ಟರು ತಾನಾಗಿ ನಿಲ್ಲುವ ಗುಣವೂ ಒಂದು ಕೋಡಿಯೇ. ದಿನವೂ ಬೇಕಾಗದಿರಬಹುದು. ಬೇಕಾದ ದಿನ ಅದು ತೆರೆದಿರಬೇಕು.

ಕರೆಂಟು ಹೋದಾಗಲೂ ದೀಪ ಬೇಕೆಂದರೆ ಅದಕ್ಕೆ ಸರಿಯಾದ ದಾರಿ ಹೈಬ್ರಿಡ್ ಯಂತ್ರ, ಬ್ಯಾಟರಿ, ಮತ್ತು ಬೇರೆಯೇ ಆದ ವೈರಿಂಗು. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ದೂರು: “ಕರೆಂಟು ಇದ್ದಾಗ್ಲೂ ನಿಲ್ತೈತೆ. ದಿನಕ್ಕೆ ಹತ್ತು ಸಲ ಬಿಟ್ಟು ಬಿಟ್ಟು ಹತ್ಕೊಳ್ತೈತೆ.”

ಇದು ತೋಟದ ಮನೆಗಳಲ್ಲಿ ಹೆಚ್ಚು. ಕಾರಣ ಎರಡು. ನಿಮ್ಮ ಮನೆ ತಂತಿಯ ಕೊನೆಯಲ್ಲಿದೆ. ಸುತ್ತಲ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜು 184ರ ಕೆಳಗೆ ಇಳಿಯುತ್ತದೆ, ಇನ್ವರ್ಟರು ನಿಲ್ಲುತ್ತದೆ. ಇದು ಒಂದು. ಪಂಪುಗಳು ನಿಂತ ಮೇಲೆ ನಡು ಮಧ್ಯಾಹ್ನ ಫಲಕ ತುಂಬ ಕೊಡುತ್ತಿರುವಾಗ ವೋಲ್ಟೇಜು 253ರ ಮೇಲೆ ಏರುತ್ತದೆ, ಆಗಲೂ ನಿಲ್ಲುತ್ತದೆ. ಇದು ಇನ್ನೊಂದು.

ಏರುವುದೇಕೆ? ಒಂದು ಲೆಕ್ಕ ಹೇಳುತ್ತೇನೆ. ಮೂರು ಕಿಲೋವ್ಯಾಟ್ ಇನ್ವರ್ಟರು ಪೂರ್ತಿ ಕೊಡುವಾಗ ಸುಮಾರು 13 ಆಂಪೇರ್ ಹರಿಯುತ್ತದೆ. ಮೀಟರಿನಿಂದ ಇನ್ವರ್ಟರಿಗೆ 60 ಮೀಟರು ದೂರವಿದ್ದು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ, ಆ ತಂತಿಯಲ್ಲೇ ಹನ್ನೊಂದು ಹನ್ನೆರಡು ವೋಲ್ಟು ಏರುತ್ತದೆ. ಮೀಟರಿನ ಹತ್ತಿರ 243 ಇದ್ದರೆ ಇನ್ವರ್ಟರಿಗೆ 254 ಕಾಣುತ್ತದೆ, ಯಂತ್ರ ಕೈಬಿಡುತ್ತದೆ. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ಏರುವುದು ಐದು ವೋಲ್ಟು ಮಾತ್ರ, ಯಂತ್ರ ನಡೆಯುತ್ತಲೇ ಇರುತ್ತದೆ. ತಂತಿಯಲ್ಲಿ ನಾಲ್ಕು ಕಾಸು ಉಳಿಸಲು ಹೋಗಿ ಬಿಸಿಲಿನ ಹೊತ್ತಿನ ಫಸಲನ್ನೇ ಕಳೆದುಕೊಂಡಂತಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದೂರು ಹೇಳಿದಾಗ ರಿಪೇರಿಗೆ ಬಂದವರು, “ಅದಕ್ಕೇನ್ ಯಜಮಾನ್ರೇ, ಸೆಟ್ಟಿಂಗ್ ಸ್ವಲ್ಪ ಬಿಡಿಸಿದ್ರಾಯ್ತು” ಎನ್ನಬಹುದು. ಯಂತ್ರದೊಳಗೆ ದೇಶಗಳ ಪಟ್ಟಿ ಇರುತ್ತದೆ. ಭಾರತದ ಬದಲು ಬೇರೆ ದೇಶದ ಹೆಸರು ಆರಿಸಿದರೆ ಅಳತೆಗಳೆಲ್ಲ ಬದಲಾಗುತ್ತವೆ. ಯಂತ್ರ ನಿಲ್ಲುವುದು ಕಡಿಮೆಯಾಗುತ್ತದೆ, ನಿಮಗೂ ಸಂತೋಷವಾಗುತ್ತದೆ. ಆದರೆ ಕೋಡಿಗೆ ಕಲ್ಲು ಕಟ್ಟಿದಂತೆ ಅದು. ಬೇಡಿ. ದಪ್ಪ ತಂತಿ ಹಾಕಿಸಿ. ಸಡಿಲವಾದ ಜಾಯಿಂಟುಗಳನ್ನು ಬಿಗಿ ಮಾಡಿಸಿ. ಆದರೂ ನಿಲ್ಲದಿದ್ದರೆ, ಯಾವ ಹೊತ್ತಿಗೆ ಎಷ್ಟು ವೋಲ್ಟು ತೋರಿಸುತ್ತಿದೆ ಎಂದು ಒಂದು ವಾರ ಬರೆದಿಟ್ಟು ಶಾಖಾಧಿಕಾರಿಗಳಿಗೆ ಅರ್ಜಿ ಕೊಡಿ. ಟಿ.ಸಿ.ಯ ಟ್ಯಾಪು ಬದಲಾಯಿಸುವುದು, ಹೊರೆ ಹಂಚುವುದು, ತಂತಿ ಬದಲಿಸುವುದು ಅವರಿಂದ ಆಗುವ ಕೆಲಸ. ಬಾಯಿಮಾತಿನ ದೂರಿಗಿಂತ ಬರೆದ ಲೆಕ್ಕಕ್ಕೆ ಬೆಲೆ ಹೆಚ್ಚು.

ಮೂರನೆಯ ದೂರು: “ಫಲಕ ಹಾಕಿಸಿದ ಮೇಲೆ ಬಿಲ್ಲು ಇಳಿಯೋದು ಬಿಟ್ಟು ಏರೈತೆ!”

ಒಪ್ಪಿಗೆ ಪಡೆಯದೆ, ಮೀಟರು ಬದಲಿಸದೆ ಹೈಬ್ರಿಡ್ ಯಂತ್ರ ಹಾಕಿದ ಮನೆಗಳಲ್ಲಿ ಇದು ನಡೆಯಬಹುದು. ಹಳೆಯ ಡಿಜಿಟಲ್ ಮೀಟರುಗಳಲ್ಲಿ ಕೆಲವು, ಕರೆಂಟು ಒಳಗೆ ಬಂದರೂ ಹೊರಗೆ ಹೋದರೂ ಒಂದೇ ರೀತಿ ಎಣಿಸುತ್ತವೆ. ನೀವು ಊರಿಗೆ ಕೊಟ್ಟದ್ದನ್ನೂ ನೀವು ಬಳಸಿದ್ದೆಂದೇ ಬರೆಯುತ್ತವೆ. ಒಳಗೆ ಬಂದದ್ದು ಬೇರೆ, ಹೊರಗೆ ಹೋದದ್ದು ಬೇರೆ ಎಂದು ಎಣಿಸುವ ಎರಡು ದಿಕ್ಕಿನ ಮೀಟರು ಬೇಕು. ಅದು ಒಪ್ಪಿಗೆಯ ಕಾಗದದ ಜೊತೆಗೇ ಬರುತ್ತದೆ.

ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟೊಂದು ಕಟ್ಟುಪಾಡು ಏಕೆಂದು ಅನಿಸಬಹುದು. ಒಂದು ಪೆಟ್ಟಿಗೆ ಸಣ್ಣದೇ. ಸಾವಿರ ಸಾವಿರ ಸೇರಿದರೆ ಅದು ಒಂದು ದೊಡ್ಡ ವಿದ್ಯುದಾಗಾರ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಗ್ರಿಡ್ಡು ಕುಸಿದು ಕೋಟಿಗಟ್ಟಲೆ ಜನ ಕತ್ತಲೆಯಲ್ಲಿ ಕೂತದ್ದು ನಿಮಗೆ ನೆನಪಿರಬಹುದು. ಆಗ ನಮ್ಮ ದಕ್ಷಿಣದ ಗ್ರಿಡ್ಡು ಬೇರೆಯಾಗಿತ್ತು, ನಾವು ಉಳಿದೆವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಮಹಾರಾಷ್ಟ್ರದ ಸೋಲಾಪುರಕ್ಕೆ 765 ಕಿಲೋವೋಲ್ಟಿನ ಮಾರ್ಗ ಸೇರಿ ದಕ್ಷಿಣವೂ ಉಳಿದ ದೇಶದೊಡನೆ ಒಂದಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಆವರ್ತನ. ಜೋಗಿಮಟ್ಟಿಯ ಗಾಳಿಯಂತ್ರವೂ, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕೂ, ಬಬ್ಬೂರಿನ ತೋಟದ ಮನೆಯ ಇನ್ವರ್ಟರೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ಒಂದು ಎತ್ತು ತನ್ನ ಹೆಜ್ಜೆ ತಾನೇ ಹಾಕಿದರೆ ನೇಗಿಲು ಸಾಲು ಬಿಡುತ್ತದೆ.

ಜರ್ಮನಿ ದೇಶದವರು ಈ ಪಾಠವನ್ನು ದುಬಾರಿಯಾಗಿ ಕಲಿತರು. ಅಲ್ಲಿ ಮೊದಲು ಸೌರ ಇನ್ವರ್ಟರುಗಳೆಲ್ಲ ಆವರ್ತನ 50.2 ಮುಟ್ಟಿದ ಕೂಡಲೇ ನಿಲ್ಲಬೇಕೆಂದು ನಿಯಮವಿತ್ತು. ಹತ್ತು ಮನೆಗಳಿದ್ದಾಗ ತೊಂದರೆಯಿರಲಿಲ್ಲ. ಲಕ್ಷಾಂತರ ಮನೆಗಳಾದಾಗ, ಎಲ್ಲವೂ ಒಂದೇ ಕ್ಷಣದಲ್ಲಿ ನಿಂತರೆ ಇಡೀ ಗ್ರಿಡ್ಡೇ ಕುಸಿಯಬಹುದೆಂಬ ಭಯ ಹುಟ್ಟಿತು. 2012ರಲ್ಲಿ ಕಾನೂನು ಮಾಡಿ, ಸುಮಾರು ಮೂರು ಲಕ್ಷ ಸೌರ ಘಟಕಗಳ ಇನ್ವರ್ಟರುಗಳನ್ನು ಹೊಸ ಅಳತೆಗೆ ಬದಲಿಸಲು ಹೊರಟರು. ಕಟ್ಟಿದ ಮೇಲೆ ತಿದ್ದುವುದಕ್ಕಿಂತ ಕಟ್ಟುವಾಗಲೇ ಸರಿಯಾಗಿ ಕಟ್ಟುವುದು ಮೇಲು.

ಸರಿ, ಈಗ ಮಾಡಬೇಕಾದದ್ದೇನು? ಒಂದೊಂದಾಗಿ ಹೇಳುತ್ತೇನೆ.

ಒಂದು: ಕೊಳ್ಳುವಾಗ ಫಲಕ ಓದಿ. ಬಬ್ಬೂರು ಫಾರಂನಿಂದ ಬಿತ್ತನೆ ಬೀಜ ತರುವಾಗ ಚೀಲದ ಚೀಟಿ ಓದುತ್ತೀರಿ. ತಳಿ ಯಾವುದು, ಪರೀಕ್ಷೆ ಯಾವಾಗ ಆಯಿತು ಎಂದು ನೋಡುತ್ತೀರಿ. ಇನ್ವರ್ಟರಿನ ಮೈಮೇಲೂ ಅಂಥದೇ ಚೀಟಿ ಇರುತ್ತದೆ. ತಂತಿಗೆ ಸೇರುವ ಯಂತ್ರವಾದರೆ ಭಾರತೀಯ ಮಾನಕ ಬ್ಯೂರೋದ ಗುರುತು, ನೋಂದಣಿ ಸಂಖ್ಯೆ ಇವೆಯೇ ನೋಡಿ. ಐ.ಎಸ್. 16169 ಮತ್ತು 16221ರ ಪರೀಕ್ಷೆಯ ಕಾಗದ ತೋರಿಸಿ ಎಂದು ಕೇಳಿ. ಚೀಟಿಯ ಮಾದರಿ ಸಂಖ್ಯೆಯೂ ಕಾಗದದ ಮಾದರಿ ಸಂಖ್ಯೆಯೂ ಒಂದೇ ಇರಬೇಕು. ಅಣ್ಣನ ಕಾಗದ ತೋರಿಸಿ ತಮ್ಮನನ್ನು ಮಾರುವವರೂ ಇದ್ದಾರೆ.

ಎರಡು: ಒಪ್ಪಿಗೆ ಪಡೆಯಿರಿ. ತಂತಿಗೆ ಕರೆಂಟು ಬಿಡುವ ಯಾವ ಯಂತ್ರಕ್ಕಾದರೂ ಬೆಸ್ಕಾಂನ ಒಪ್ಪಿಗೆ ಬೇಕು. ನಾವು ಈಗಲೂ ಕೆ.ಇ.ಬಿ. ಎಂದೇ ಕರೆಯುವುದು ಈ ಬೆಸ್ಕಾಂ ಅನ್ನೇ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ದವರೆಗೆ ಸಹಾಯಧನ ಗೊತ್ತು ಮಾಡಿದರು. ಇದು ಫಲಕದ ಲೆಕ್ಕದ ಮೇಲೆ, ಬ್ಯಾಟರಿಯ ಮೇಲಲ್ಲ. ಮೊದಲು ಬರೀ ಫಲಕ ಹಾಕಿಸಿ ಒಪ್ಪಿಗೆ ಪಡೆದು, ಆಮೇಲೆ ಬ್ಯಾಟರಿ ಸೇರಿಸುವವರು ಇದ್ದಾರೆ. ಹಾಗೆ ಮಾಡುವಾಗ ಇನ್ವರ್ಟರು ಬದಲಾದರೆ ಹಳೆಯ ಒಪ್ಪಿಗೆಯೇ ಸಾಕೆಂದು ಸುಮ್ಮನಿರಬೇಡಿ. ಕಚೇರಿಗೆ ಬರಹದಲ್ಲಿ ತಿಳಿಸಿ.

ಮೂರು: ವೈರಿಂಗು ಬೇರೆ ಮಾಡಿಸಿ. ಹೈಬ್ರಿಡ್ ಯಂತ್ರದಲ್ಲಿ ಎರಡು ಬಾಯಿಗಳಿರುತ್ತವೆ. ಒಂದು ಊರಿನ ತಂತಿಯ ಕಡೆಗೆ, ಇನ್ನೊಂದು ಕರೆಂಟು ಹೋದಾಗ ಉರಿಯಬೇಕಾದ ದೀಪಗಳ ಕಡೆಗೆ. ಈ ಎರಡು ಸಾಲುಗಳು ಮನೆಯ ಯಾವ ಮೂಲೆಯಲ್ಲೂ ಒಂದನ್ನೊಂದು ಮುಟ್ಟಬಾರದು. ಫೇಸೂ ಮುಟ್ಟಬಾರದು, ನ್ಯೂಟ್ರಲ್ಲೂ ಮುಟ್ಟಬಾರದು. ಹಳೆಯ ಮನೆಗಳಲ್ಲಿ ನ್ಯೂಟ್ರಲ್ ತಂತಿಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿರುತ್ತಾರೆ. ಅದನ್ನು ಬಿಡಿಸದೆ ಹೊಸ ಯಂತ್ರ ಹಾಕಿಸಬೇಡಿ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ.

ನಾಲ್ಕು: ಎರಡೂ ತುದಿಗೆ ಪ್ಲಗ್ಗು ಕಟ್ಟಿದ ತಂತಿ ಮನೆಯಲ್ಲಿದ್ದರೆ ಇವೊತ್ತೇ ಕತ್ತರಿಸಿ ಹಾಕಿ. ಯು.ಪಿ.ಎಸ್. ಅಥವಾ ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಯೆಲ್ಲ ಬೆಳಗಿಸುವ ಉಪಾಯ ಅದು. ಮೇನ್ ಸ್ವಿಚ್ಚು ಇಳಿಸಲು ಒಂದು ರಾತ್ರಿ ಮರೆತರೆ ಕರೆಂಟು ನೆಟ್ಟಗೆ ಕಂಬಕ್ಕೆ. ಅದರ ಬದಲು ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿ. ಅದರಲ್ಲಿ ಒಂದು ಕಡೆ ಹತ್ತಿದರೆ ಇನ್ನೊಂದು ಕಡೆ ತಾನಾಗಿ ಬಿಡುತ್ತದೆ. ಮರೆವಿಗೆ ಅಲ್ಲಿ ಜಾಗವಿಲ್ಲ.

ಐದು: ಅರ್ಥಿಂಗು ನೋಡಿಕೊಳ್ಳಿ. ನಮ್ಮ ಹಿರಿಯೂರು ಸೀಮೆಯ ಬೇಸಿಗೆಯಲ್ಲಿ ನೆಲ ಕಾದು ಒಣಗಿ ಅರ್ಥಿಂಗ್ ಗುಂಡಿ ಕೆಲಸ ಮಾಡುವುದಿಲ್ಲ. ತೆಂಗಿನ ಸಸಿಗೆ ನೀರು ಹಾಕುವ ದಿನ ಅದಕ್ಕೂ ಒಂದು ಬಿಂದಿಗೆ ಹಾಕಿ. ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ಒಲೆಯ ಹತ್ತಿರ, ಹುಲ್ಲಿನ ಪಕ್ಕದಲ್ಲಿ ಇಡಬೇಡಿ. ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹಿಡಿಯುವ ಅನಿಲ ಬಿಡುತ್ತದೆ. ಗಾಳಿಯಾಡುವ ಜಾಗ ಬೇಕು.

ಆರು: ನೀವೇ ಪರೀಕ್ಷಿಸಿ. ಹಾಕಿದವರಿಗೆ ಕೊನೆಯ ಹಣ ಕೊಡುವ ಮುಂಚೆ ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಇದನ್ನು ಮಾಡಿಸಿ. ಹಗಲು ಹೊತ್ತು, ಯಂತ್ರ ನಡೆಯುತ್ತಿರುವಾಗ, ಮೇನ್ ಸ್ವಿಚ್ಚು ಇಳಿಸಿರಿ. ತಂತಿಯ ಕಡೆಗೆ ಕೊಡುವುದು ಎರಡು ಸೆಕೆಂಡಿನೊಳಗೆ ನಿಲ್ಲಬೇಕು. ಮೇನ್ ಸ್ವಿಚ್ಚಿನ ಮನೆಯ ಬದಿಯಲ್ಲಿ ವೋಲ್ಟೇಜು ಉಳಿದಿಲ್ಲವೆಂದು ಅವರು ಮೀಟರು ಹಿಡಿದು ತೋರಿಸಬೇಕು. ನೀವು ಕೈ ಹಾಕಬೇಡಿ, ನೋಡಿದರೆ ಸಾಕು. ಬ್ಯಾಟರಿಯ ದೀಪಗಳು ಮಾತ್ರ ಉರಿಯುತ್ತಿರಬೇಕು. ಆಮೇಲೆ ಸ್ವಿಚ್ಚು ಏರಿಸಿ, ಗಡಿಯಾರ ನೋಡಿ. ಒಂದು ನಿಮಿಷಕ್ಕೆ ಮುಂಚೆ ಯಂತ್ರ ತಂತಿಗೆ ಸೇರಿದರೆ ಸೆಟ್ಟಿಂಗು ತಪ್ಪಿದೆ. ಎಲ್ಲ ಸರಿಯಿದ್ದರೆ, ಯಂತ್ರದಲ್ಲಿ ಇಟ್ಟಿರುವ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಬದಲಾಯಿಸಿದರೆ ಆ ಹಾಳೆ ಹೇಳುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ.

ಏಳು: ಲೈನ್‌ಮನ್‌ಗೆ ತಿಳಿಸಿ. ಮೀಟರ್ ಬೋರ್ಡಿನ ಪಕ್ಕದಲ್ಲಿ, ಕಣ್ಣಿಗೆ ಬೀಳುವಂತೆ, ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆಸಿ: “ಈ ಮನೆಗೆ ಎರಡು ಕಡೆಯಿಂದ ಕರೆಂಟು ಇದೆ.” ಕಡಿಯುವ ಸ್ವಿಚ್ಚು ಎಲ್ಲಿದೆಯೆಂದು ಬಾಣ ಹಾಕಿ ತೋರಿಸಿ. ಆ ಸ್ವಿಚ್ಚಿನ ಮುಂದೆ ಗೊಬ್ಬರದ ಚೀಲ ಪೇರಿಸಬೇಡಿ. ಹರಿದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನು ಮಾಡಿ. ನಿಮ್ಮ ಮನೆಯಲ್ಲಿ ಬ್ಯಾಟರಿ ಇರುವ ಮಾತನ್ನು ಆಗಲೇ ಹೇಳಿ.

ರೈತ ಬಾಂಧವರೇ, ಕಂಬ ಹತ್ತುವವರು ಬೇರೆ ಯಾವ ಲೋಕದವರೂ ಅಲ್ಲ. ಮಳೆಗಾಳಿಯಲ್ಲಿ ನಿಮ್ಮ ಪಂಪು ನಿಂತಾಗ, ಅಡಿಕೆ ಸಸಿ ಬಾಡುತ್ತಿದೆ ಎಂದು ನೀವು ಫೋನು ಮಾಡಿದಾಗ ಬರುವವರು ಅವರೇ. ಅವರಿಗೂ ಮನೆಯಿದೆ, ಅಲ್ಲೂ ಒಂದು ದೀಪ ಉರಿಯುತ್ತಿದೆ, ಬಾಗಿಲಲ್ಲಿ ಕಾಯುವವರಿದ್ದಾರೆ. ನಮ್ಮ ಮನೆಯ ದೀಪ ಉರಿಯಲಿ, ಖಂಡಿತ ಉರಿಯಲಿ. ಆದರೆ ಅದು ನಮ್ಮ ಹೊಸ್ತಿಲೊಳಗೇ ಉರಿಯಲಿ.

ಇವೊತ್ತು ಸಂಜೆ ಟಾರ್ಚು ಹಿಡಿದು ನಿಮ್ಮ ಮೀಟರ್ ಬೋರ್ಡಿನ ಮುಂದೆ ಒಂದು ಗಳಿಗೆ ನಿಲ್ಲಿ. ಏನನ್ನೂ ಮುಟ್ಟದೆ, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಗೊತ್ತಾಗದಿದ್ದರೆ ನಾಳೆಯೇ ಗೊತ್ತಿರುವವರನ್ನು ಕರೆಸಿ. ಇಷ್ಟು ಮಾಡಿದರೆ ನನ್ನ ಮಾತು ಸಾರ್ಥಕವಾಯಿತು.